ದುರ್ಬಲ ಎಕ್ಕಾ ಮತ್ತು ಇಟ್ಟ ಹಣದ ಮಮಕಾರ

ವಿಜಯಪುರ ಜಿಲ್ಲೆಯ ಕಾಖಂಡಕಿ ಎಂದೊಡನೆ ಆ ಭಾಗದ ಜನರಿಗೆ ಎರಡು ಸಂಗತಿಗಳು ನೆನಪಿಗೆ ಬರುತ್ತವೆ. ಮೊದಲನೆಯದು ಹದಿನೇಳನೆಯ ಶತಮಾನದ ಮಹೀಪತಿದಾಸರ ಹೆಸರು. ಆದಿಲಶಾಹಿ ದರಬಾರಿನಲ್ಲಿ ಉನ್ನತ ಅಧಿಕಾರದಲ್ಲಿದ್ದ ಅವರು ಅದನ್ನು ತೊರೆದು ಅಧ್ಯಾತ್ಮದ ದಾರಿ ಹಿಡಿದರೆಂದು ಪರಂಪರೆ ಹೇಳುತ್ತದೆ. ಎರಡನೆಯದು ಕಾರಹುಣ್ಣಿಮೆಯ ನಿಮಿತ್ತ ನಡೆಯುವ ಕರಿ. ಓಡಿ ಬರುವ ಹೋರಿಗಳ ಎದುರು ತರುಣರು ಎದೆಯೊಡ್ಡಿ ನಿಲ್ಲುತ್ತಾರೆ. ಗಾಯಗೊಂಡವರ ಸುದ್ದಿ ಮರುದಿನದ ಪತ್ರಿಕೆಗಳಲ್ಲಿ ಬರುತ್ತದೆ. ಕೈಯಲ್ಲಿದ್ದುದನ್ನು ಬಿಟ್ಟು ಹೊರಟವರ ಹೆಸರನ್ನೂ, ಬಿಡಲಾರೆನೆಂದು ಎದುರು ನಿಲ್ಲುವವರ ಹುರುಪನ್ನೂ ಒಂದೇ ಊರು ಒಟ್ಟಿಗೆ ಇಟ್ಟುಕೊಂಡಿದೆ. ಬಿಡುವುದು ಯಾವಾಗ, ನಿಲ್ಲುವುದು ಯಾವಾಗ ಎಂಬ ಪ್ರಶ್ನೆಯನ್ನು ಇಂದು ಇಸ್ಪೀಟಿನ ಎಲೆಗಳ ಮೂಲಕ ವಿಚಾರ ಮಾಡಬೇಕಾದ ಪ್ರಸಂಗ ಒದಗಿದೆ.

ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಯ ದಿನಗಳಲ್ಲಿ ಜೀಕಾಲಿ, ಕೊಬ್ಬರಿ ಬಟ್ಟಲು, ಲಿಂಬೆಹಣ್ಣು ಒಗೆಯುವ ಪಂದ್ಯಗಳ ಜೊತೆಗೆ ಇಸ್ಪೀಟಿನ ಆಟವೂ ಬಹು ಹಿಂದಿನಿಂದ ನಡೆದುಬಂದಿದೆ. ಅಂದರ್ ಬಾಹರ್, ಮೂರೆಲೆ ಇವು ಕಟ್ಟೆಯ ಮೇಲಿನ ಹಳೆಯ ಆಟಗಳು. ಇವುಗಳ ಸಾಲಿಗೆ ಕಳೆದ ಹದಿನೈದು ವರ್ಷಗಳಲ್ಲಿ ಮೊಬೈಲಿನ ಮೂಲಕ ಬಂದು ಸೇರಿದ್ದು ಪೋಕರ್. ಕಟ್ಟೆಯ ಆಟವನ್ನು ಹಿರಿಯರು ಕಂಡು ಗದರಿಸಬಹುದಿತ್ತು. ಮೊಬೈಲಿನ ಆಟ ಮನೆಯೊಳಗೆ, ಹಾಸಿಗೆಯಲ್ಲಿ, ಸದ್ದಿಲ್ಲದೆ ನಡೆಯಿತು. ಇದನ್ನು ಆಡುವ ತರುಣರು, ಅವರಲ್ಲಿ ವಾಣಿಜ್ಯ ಓದಿದವರೂ ಇಂಜಿನಿಯರರೂ ಇದ್ದಾರೆ, ತಾವು ಜೂಜಾಡುತ್ತಿಲ್ಲ, ಲೆಕ್ಕ ಮಾಡುತ್ತಿದ್ದೇವೆ ಎಂದು ಹೇಳುತ್ತಾರೆ. ಈ ಮಾತನ್ನು ನಕ್ಕು ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲಿ ಸ್ವಲ್ಪ ಸತ್ಯವಿದೆ. ಆ ಸತ್ಯ ಎಷ್ಟು, ಎಲ್ಲಿಯವರೆಗೆ ಎಂಬುದನ್ನು ಪರೀಕ್ಷಿಸದೆ ಉಪದೇಶ ಮಾಡಿದರೆ ಕೇಳುವವರು ಕಿವಿಗೊಡುವುದಿಲ್ಲ.

ಆಟದ ಸ್ವರೂಪವನ್ನು ಮೊದಲು ಅರಿಯಬೇಕು. ಮೂರೆಲೆಯಲ್ಲಿ ‘ಬ್ಲೈಂಡ್’ ಎಂದರೆ ಎಲೆಯನ್ನು ನೋಡದೆ ಆಡುವುದು. ಪೋಕರಿನಲ್ಲಿ ಅದೇ ಪದಕ್ಕೆ ಬೇರೆ ಅರ್ಥ. ಪ್ರತಿ ಸುತ್ತಿನಲ್ಲಿ ಎಲೆ ಹಂಚುವ ಸ್ಥಾನದ ಎಡಕ್ಕೆ ಕುಳಿತ ಇಬ್ಬರು ಎಲೆ ನೋಡುವ ಮುನ್ನವೇ ಕಡ್ಡಾಯವಾಗಿ ಹಣ ಇಡಬೇಕು. ಮೊದಲಿನವನದು ಸಣ್ಣ ಬ್ಲೈಂಡ್, ಅವನ ಪಕ್ಕದವನದು ದೊಡ್ಡ ಬ್ಲೈಂಡ್. ಅನಂತರ ಪ್ರತಿಯೊಬ್ಬರಿಗೂ ಮುಚ್ಚಿದ ಎರಡೆರಡು ಎಲೆ. ಮೇಜಿನ ನಡುವೆ ಎಲ್ಲರಿಗೂ ಸಲ್ಲುವ ಐದು ಎಲೆಗಳನ್ನು ಮೊದಲು ಮೂರು, ಬಳಿಕ ಒಂದು, ಮತ್ತೊಂದು ಎಂದು ತೆರೆಯಲಾಗುತ್ತದೆ. ಪ್ರತಿ ಹಂತದಲ್ಲೂ ಹಣ ಏರಿಸಬಹುದು, ಸಮ ಹಾಕಬಹುದು, ಇಲ್ಲವೆ ಎಲೆ ಮಡಚಿ ಹೊರಗುಳಿಯಬಹುದು. ಬ್ಲೈಂಡ್ ಇಟ್ಟವರ ಮೇಲೆ ಇನ್ನೊಂದು ಭಾರವಿದೆ. ಮೇಜಿನ ಎಲೆಗಳು ತೆರೆದುಕೊಂಡ ಬಳಿಕ ಪ್ರತಿ ಸುತ್ತಿನಲ್ಲೂ ಅವರೇ ಮೊದಲು ಮಾತಾಡಬೇಕು. ಎದುರಾಳಿ ಅವರ ನಡೆಯನ್ನು ಕಂಡು ತನ್ನ ನಡೆಯನ್ನು ನಿರ್ಧರಿಸುತ್ತಾನೆ. ಪೇಟೆಯಲ್ಲಿ ಬೆಲೆಯನ್ನು ಮೊದಲು ಹೇಳಿದವನು ಸೋಲುತ್ತಾನೆಂಬುದು ದಲ್ಲಾಲಿ ಅಂಗಡಿಯ ಹುಡುಗನಿಗೂ ತಿಳಿದ ಮಾತು.

ಇಂತಹ ಸ್ಥಾನದಲ್ಲಿ ಕುಳಿತವನಿಗೆ ಒಂದು ಎಕ್ಕಾ ಮತ್ತು ಒಂದು ನಾಲ್ಕು ಬಂದಿದೆ ಎಂದಿಟ್ಟುಕೊಳ್ಳಿ. ಎಕ್ಕಾ ಎಲ್ಲಕ್ಕಿಂತ ದೊಡ್ಡ ಎಲೆ. ನಾಲ್ಕು ಬಹುತೇಕ ನಿರುಪಯೋಗಿ. ಇದನ್ನೇ ಆಟಗಾರರು ದುರ್ಬಲ ಎಕ್ಕಾ ಎನ್ನುತ್ತಾರೆ. ಐವತ್ತೆರಡು ಎಲೆಗಳಿಂದ ಎರಡೆಲೆಯ 1326 ಜೋಡಿಗಳಾಗುತ್ತವೆ. ಅವುಗಳಲ್ಲಿ ಎಕ್ಕಾ ಇರುವವು 198. ಎರಡೂ ಎಕ್ಕಾ ಇರುವ ಜೋಡಿ 6 ಮಾತ್ರ. ಉಳಿದ 192ರಲ್ಲಿ ರಾಜ, ರಾಣಿ, ಗುಲಾಮ ಅಥವಾ ಹತ್ತರ ಜೊತೆಗೂಡಿದವು 64. ಎರಡರಿಂದ ಒಂಬತ್ತರವರೆಗಿನ ಎಲೆಯೊಡನೆ ಬಂದವು 128. ಅಂದರೆ ಒಂಟಿ ಎಕ್ಕಾ ಕೈಗೆ ಬಂದಾಗ ಮೂರರಲ್ಲಿ ಎರಡು ಸಲ ಅದು ದುರ್ಬಲವೇ. ಆದರೂ ಮನುಷ್ಯನ ಕಣ್ಣು ಎಕ್ಕಾವನ್ನು ನೋಡುತ್ತದೆ, ಜೊತೆಗಿರುವ ನಾಲ್ಕನ್ನು ನೋಡುವುದಿಲ್ಲ. ಒಂದು ಮನೆತನಕ್ಕೆ ದೊಡ್ಡ ಹೆಸರಿದ್ದು ಒಳಗೆ ಸಾಲ ತುಂಬಿರುವಾಗ ಹೆಸರನ್ನೇ ನೋಡಿ ಸಂಬಂಧ ಬೆಳೆಸುವವರ ದೃಷ್ಟಿಯೂ ಇಂಥದ್ದೇ.

ಮುಂದಿನ ಲೆಕ್ಕವೂ ಮುಖ್ಯವಾದುದು. ಕೈಯಲ್ಲಿ ಒಂದು ಎಕ್ಕಾ ಇರುವವನಿಗೆ ಮೇಜಿನ ಮೊದಲ ಮೂರು ಎಲೆಗಳಲ್ಲಿ ಇನ್ನೊಂದು ಎಕ್ಕಾ ಸಿಗುವ ಸಂಭವ ನೂರಕ್ಕೆ ಸುಮಾರು 17. ಮಿಕ್ಕ 83 ಸಲ ಅವನು ಬರಿಯ ಆಸೆಯ ಮೇಲೆ ಕೂತಿರುತ್ತಾನೆ. ಇನ್ನು ಎಕ್ಕಾ ಬಂದೇ ಬಿಟ್ಟಿತು ಎನ್ನೋಣ. ಆಗ ಎದುರಾಳಿಯ ಬಳಿ ಎಕ್ಕಾ ಇಲ್ಲದಿದ್ದರೆ ಅವನು ಹೆದರಿ ಎಲೆ ಮಡಚುತ್ತಾನೆ, ಸಿಗುವುದು ಅಲ್ಪ. ಎದುರಾಳಿ ಹಣ ಏರಿಸುತ್ತಲೇ ಹೋದನೆಂದರೆ ಅವನ ಬಳಿಯೂ ಎಕ್ಕಾ ಇರುವುದು, ಅದರ ಜೊತೆ ರಾಜನೋ ರಾಣಿಯೋ ಇರುವುದು ಹೆಚ್ಚು ಸಂಭವನೀಯ. ಎಕ್ಕಾ-ರಾಜ ಹಿಡಿದವನ ಎದುರು ಎಕ್ಕಾ-ನಾಲ್ಕು ಹಿಡಿದವನ ಪಾಲು ಸುಮಾರು ನಾಲ್ಕರಲ್ಲಿ ಒಂದು. ಹೀಗೆ ದುರ್ಬಲ ಎಕ್ಕಾದ ವ್ಯಾಪಾರದಲ್ಲಿ ಲಾಭ ಚಿಲ್ಲರೆ, ನಷ್ಟ ಸಗಟು.

ಇಷ್ಟು ತಿಳಿದೂ ಆಟಗಾರನು ಯಾಕೆ ಬಿಡುವುದಿಲ್ಲ? ಕೇಳಿದರೆ ಅವನ ಉತ್ತರ ಒಂದೇ: ‘ಈಗಾಗಲೇ ಹಣ ಹಾಕಿದ್ದೇನೆ.’ ವಿಚಾರ ಆರಂಭವಾಗುವುದು ಇಲ್ಲಿಂದ.

ಸಣ್ಣ ಬ್ಲೈಂಡ್ 50, ದೊಡ್ಡ ಬ್ಲೈಂಡ್ 100 ರೂಪಾಯಿ ಎಂದು ಊಹಿಸಿಕೊಳ್ಳಿ. ಮೂರನೆಯವನೊಬ್ಬ 300ಕ್ಕೆ ಏರಿಸಿದ. ಸಣ್ಣ ಬ್ಲೈಂಡಿನವನು ಬಿಟ್ಟುಕೊಟ್ಟ. ದೊಡ್ಡ ಬ್ಲೈಂಡಿನವನು ಉಳಿಯಬೇಕಾದರೆ ಇನ್ನೂ 200 ಹಾಕಬೇಕು. ಅವನು ಎರಡು ಬಗೆಯಲ್ಲಿ ಯೋಚಿಸಬಹುದು. ಒಂದು: ‘ನನ್ನ 100 ಅಲ್ಲಿದೆ. ಬಿಟ್ಟರೆ ಅದು ಹೋಯಿತು. ಅದನ್ನು ಉಳಿಸಿಕೊಳ್ಳಲು 200 ಹಾಕಲೇಬೇಕು.’ ಇನ್ನೊಂದು: ‘ನಡುವೆ 450 ಇದೆ. ಅದು ಈಗ ಯಾರದೂ ಅಲ್ಲ. 200 ಕೊಟ್ಟರೆ ಒಟ್ಟು 650ರ ಮೇಲೆ ನನಗೊಂದು ಅವಕಾಶ. ನೂರರಲ್ಲಿ 31 ಸಲ ಗೆದ್ದರೆ ಅಸಲಾಗುತ್ತದೆ. ನನ್ನ ಎಲೆ ಅಷ್ಟು ಬಾಳುತ್ತದೆಯೇ?’ ಎರಡೂ ಯೋಚನೆಗಳಲ್ಲಿ ಅದೇ ನೂರು ರೂಪಾಯಿ ಇದೆ. ಮೊದಲನೆಯದರಲ್ಲಿ ಅದು ‘ನನ್ನದು’. ಎರಡನೆಯದರಲ್ಲಿ ರಾಶಿಯ ಒಂದು ಭಾಗ. ಮೊದಲ ಯೋಚನೆ ತಪ್ಪು, ಎರಡನೆಯದು ಸರಿ. ಇದು ಧರ್ಮಶಾಸ್ತ್ರದ ತೀರ್ಪಲ್ಲ, ಆ ಆಟದಲ್ಲೇ ನುರಿತವರ ತೀರ್ಪು.

ಪ್ರಾಮಾಣಿಕವಾಗಿ ಹೇಳಬೇಕಾದರೆ, ಎರಡನೆಯ ಬಗೆಯಲ್ಲಿ ಲೆಕ್ಕ ಹಾಕಿದವನು ಕೂಡ ಕೆಲವೊಮ್ಮೆ ಆ 200 ಹಾಕುತ್ತಾನೆ. ಎಕ್ಕಾ-ನಾಲ್ಕು ಒಂದೇ ಜಾತಿಯ ಎಲೆಗಳಾಗಿದ್ದರೆ, ಎದುರಾಳಿ ಯಾವ ಎಲೆಗೂ ಏರಿಸುವ ಸ್ವಭಾವದವನಾಗಿದ್ದರೆ ಗಣಿತ ಒಪ್ಪುತ್ತದೆ. ಸಣ್ಣ ಬ್ಲೈಂಡಿನವನ ಸ್ಥಿತಿ ಬೇರೆ. ಅವನು ಇಟ್ಟದ್ದು ಕಡಿಮೆ, ಇನ್ನೂ ಹಾಕಬೇಕಾದ್ದು 250. ಅವನಿಗೆ ನೂರರಲ್ಲಿ ಸುಮಾರು 36 ಸಲ ಗೆಲುವು ಬೇಕು, ಜೊತೆಗೆ ಅವನ ಹಿಂದೆ ಇನ್ನೊಬ್ಬ ಮಾತಾಡಲಿದ್ದಾನೆ. ಆದ್ದರಿಂದ ಅದೇ ಎಲೆಯನ್ನು ಅವನು ಬಹುಪಾಲು ಬಿಡಬೇಕು. ಹೊರಗಿನಿಂದ ನೋಡುವವರಿಗೆ ಮಮಕಾರದಿಂದ ಹಾಕಿದ 200ಕ್ಕೂ ಲೆಕ್ಕದಿಂದ ಹಾಕಿದ 200ಕ್ಕೂ ವ್ಯತ್ಯಾಸ ಕಾಣದು. ಕ್ರಿಯೆ ಒಂದೇ, ಭಾವ ಬೇರೆ. ಪರಿಗ್ರಹವನ್ನು ವಸ್ತುವಿನ ಅಳತೆಯಿಂದ ಹೇಳದೆ ಮೂರ್ಛೆಯಿಂದ, ‘ನನ್ನದು’ ಎಂಬ ಅಂಟಿನಿಂದ ಲಕ್ಷಣಿಸಿದ ತತ್ತ್ವಾರ್ಥಸೂತ್ರದ ಸೂಕ್ಷ್ಮತೆಗೆ ಇದಕ್ಕಿಂತ ಚೊಕ್ಕ ಉದಾಹರಣೆ ದೊರೆಯುವುದು ಕಷ್ಟ. ಅದು ಇಸ್ಪೀಟಿನ ಮೇಜಿನ ಮೇಲೆ ದೊರೆಯಿತು ಎಂಬುದು ವಿಚಿತ್ರವಾದರೂ ನಿಜ.

ಹೋದ ಹಣದ ಹಿಂದೆ ಹೋಗುವ ಈ ಪ್ರವೃತ್ತಿ ಜೂಜುಗಾರರಿಗಷ್ಟೇ ಸೀಮಿತವಲ್ಲ. 1985ರಲ್ಲಿ ಅಮೇರಿಕದ ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದು ಪ್ರಯೋಗದ ವಿವರವನ್ನು ಪ್ರಕಟಿಸಿದರು. ಇಡೀ ವರ್ಷದ ನಾಟಕಗಳ ಟಿಕೆಟನ್ನು ಕೆಲವರಿಗೆ ಪೂರ್ಣ ದರದಲ್ಲಿ, ಕೆಲವರಿಗೆ ರಿಯಾಯಿತಿಯಲ್ಲಿ ಮಾರಲಾಯಿತು; ರಿಯಾಯಿತಿ ಯಾರಿಗೆ ಎಂಬುದನ್ನು ಮುನ್ಸೂಚನೆಯಿಲ್ಲದೆ ನಿರ್ಧರಿಸಿದ್ದರು. ವರ್ಷದ ಮೊದಲರ್ಧದಲ್ಲಿ ಪೂರ್ಣ ದರ ತೆತ್ತವರೇ ಹೆಚ್ಚು ನಾಟಕಗಳಿಗೆ ಹೋದರು. ನಾಟಕ ಎಲ್ಲರಿಗೂ ಅದೇ, ಕೊಟ್ಟ ಹಣ ಯಾರಿಗೂ ಮರಳಿ ಬರುವುದಿಲ್ಲ. ಆದರೂ ಹೆಚ್ಚು ಕೊಟ್ಟವನನ್ನು ಆ ಹಣ ಎಳೆದೊಯ್ದಿತು.

ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ಬೆಳೆಯುವವರಿಗೂ ಒಣದ್ರಾಕ್ಷಿಯ ವ್ಯಾಪಾರಿಗಳಿಗೂ ಈ ಎಳೆತ ಪ್ರತಿವರ್ಷ ಅನುಭವಕ್ಕೆ ಬರುವಂಥದು. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಮಾಲು. ಶೆಡ್ಡಿನ ಬಲೆಗಳ ಮೇಲೆ ನೆರಳಿನಲ್ಲಿ ಒಣಗಿಸಿ, ಆರಿಸಿ, ಪೆಟ್ಟಿಗೆ ತುಂಬಿ ಕೋಲ್ಡ್ ಸ್ಟೋರೇಜಿಗೆ ಇಟ್ಟ ಬಳಿಕ ತಾಸಗಾಂವ, ಸಾಂಗಲಿಯ ಪೇಟೆಯ ದರಕ್ಕಾಗಿ ಕಾಯುವುದು. ಕಿಲೋಗೆ 200ರಂತೆ ಕೊಂಡ ಮಾಲಿಗೆ ಇಂದು 160ರ ದರ ಬಂದಿದೆ ಎಂದಿಟ್ಟುಕೊಳ್ಳಿ. ಆ ವ್ಯಾಪಾರಿ ಮಾರುವುದಿಲ್ಲ. ಕಾರಣ ಕೇಳಿದರೆ ‘ಇನ್ನೂರಕ್ಕೆ ಕೊಂಡಿದ್ದು’ ಎನ್ನುತ್ತಾನೆ. ಆದರೆ ನಾಳಿನ ಪೇಟೆಗೆ ಅವನು ಕೊಂಡ ದರ ಗೊತ್ತಿಲ್ಲ, ಗೊತ್ತಿದ್ದರೂ ಅದು ಲೆಕ್ಕಕ್ಕಿಡುವುದಿಲ್ಲ. ಕೇಳಬೇಕಾದ ಪ್ರಶ್ನೆ ಇಷ್ಟೇ: ಇಂದಿನ 160ಕ್ಕೆ ಬಾಡಿಗೆಯನ್ನೂ ಬಡ್ಡಿಯನ್ನೂ ತೂಕದ ಇಳಿತವನ್ನೂ ಸೇರಿಸಿದರೆ ಆಗುವ ಮೊತ್ತಕ್ಕಿಂತ ಹೆಚ್ಚಿನ ದರ ದೀಪಾವಳಿಗೆ ಬರುವ ಭರವಸೆಯಿದೆಯೇ? ಇದ್ದರೆ ಇಡಬೇಕು, ಇಲ್ಲದಿದ್ದರೆ ಇಂದೇ ಮಾರಬೇಕು. ಕೊಂಡ ದರಕ್ಕೆ ಖಾತೆಯಲ್ಲಿ ಜಾಗವಿದೆ, ನಿರ್ಣಯದಲ್ಲಿ ಇಲ್ಲ. ವ್ಯಾಪಾರದ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಈ ಮಾತು ಹೊಸದೇನಲ್ಲ, ಆಚರಣೆಯೇ ಕಷ್ಟ.

ಹಾಗಾದರೆ ತರುಣರ ವಾದ ಗೆದ್ದಂತೆಯೇ? ಮಮಕಾರವನ್ನು ಬಿಟ್ಟು ಲೆಕ್ಕ ಹಿಡಿಯುವುದನ್ನು ಈ ಆಟ ಕಲಿಸುತ್ತದೆ, ಹತ್ತರಲ್ಲಿ ಏಳೆಂಟು ಸಲ ಎಲೆ ಬಿಟ್ಟು ಸುಮ್ಮನೆ ಕೂರುವ ಸಂಯಮವನ್ನು ಅಭ್ಯಾಸ ಮಾಡಿಸುತ್ತದೆ, ಸೋತಾಗ ಕುಪಿತನಾಗದ ಸಮಭಾವವನ್ನು ಬೇಡುತ್ತದೆ. ಹೀಗಿರುವಾಗ ಇದನ್ನು ಸಪ್ತವ್ಯಸನಗಳ ಪಟ್ಟಿಗೆ ಏಕೆ ಸೇರಿಸಬೇಕು ಎಂದು ಅವರು ಕೇಳುತ್ತಾರೆ. ನ್ಯಾಯಾಲಯಗಳ ಮಾತೂ ಅವರ ಬೆಂಬಲಕ್ಕಿದೆ. ರಮ್ಮಿಯಲ್ಲಿ ಕೌಶಲವೇ ಪ್ರಧಾನ ಎಂದು ಸುಪ್ರೀಂ ಕೋರ್ಟು 1968ರಲ್ಲಿ ಹೇಳಿತು; ಕುದುರೆ ಜೂಜನ್ನು 1996ರಲ್ಲಿ ಕೌಶಲದ ಸಾಲಿಗೆ ಸೇರಿಸಿತು. ಪೋಕರ್ ಕೌಶಲದ ಆಟವಾಗಿ ನಡೆದರೆ ಅದಕ್ಕೆ ಪರವಾನಿಗೆ ಬೇಕಿಲ್ಲವೆಂದು ಕರ್ನಾಟಕ ಹೈಕೋರ್ಟು 2013ರ ಅಕ್ಟೋಬರಿನಲ್ಲಿ ತಿಳಿಸಿತು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ರಾಜ್ಯವು ಪೊಲೀಸ್ ಅಧಿನಿಯಮಕ್ಕೆ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಅದೇ ಹೈಕೋರ್ಟು 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. ಗುಜರಾತ್ ಹೈಕೋರ್ಟು ಮಾತ್ರ 2017ರಲ್ಲಿ ಪೋಕರ್ ಜೂಜೇ ಎಂದಿತ್ತು. ಕೊನೆಗೆ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯಿದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಆನ್‌ಲೈನಿನಲ್ಲಿ ಹಣವಿಟ್ಟು ಆಡುವ ಆಟಗಳ ಮಟ್ಟಿಗೆ ಕೌಶಲ ಮತ್ತು ಅದೃಷ್ಟ ಎಂಬ ಭೇದವನ್ನೇ ಆ ಕಾಯಿದೆ ಬದಿಗಿಟ್ಟಿತು. ಅರವತ್ತು ವರ್ಷ ನ್ಯಾಯಶಾಸ್ತ್ರವು ಯಾವ ಕಂಬಕ್ಕೆ ಕಟ್ಟಿಕೊಂಡಿತ್ತೋ ಆ ಕಂಬವನ್ನೇ ಸಂಸತ್ತು ಕಿತ್ತಿತು ಎನ್ನಬಹುದು.

ಶ್ರಾವಕಾಚಾರದ ದೃಷ್ಟಿ ಮೊದಲಿನಿಂದಲೂ ಆ ಕಂಬವನ್ನು ಅವಲಂಬಿಸಿರಲಿಲ್ಲ ಎಂಬುದು ಗಮನಾರ್ಹ. ದ್ಯೂತದಲ್ಲಿ ಅದೃಷ್ಟ ಎಷ್ಟು, ಜಾಣ್ಮೆ ಎಷ್ಟು ಎಂದು ಆಚಾರ್ಯರು ತೂಗಲಿಲ್ಲ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಜೂಜಿನ ಮಾತನ್ನು ಎತ್ತುವುದು ಅನರ್ಥದಂಡದ ಪ್ರಕರಣದಲ್ಲಿ. ಅದನ್ನು ಅವರು ಕಪಟಕ್ಕೂ ಅಸತ್ಯಕ್ಕೂ ನೆಲೆಯೆಂದು ಕಾಣುತ್ತಾರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅಪಧ್ಯಾನ ಎಂಬ ಅನರ್ಥದಂಡವನ್ನು ವಿವರಿಸುವಾಗ, ಇತರರಿಗೆ ಸೋಲು ಹೇಗಾದೀತು, ಪರರ ಧನ ಹೇಗೆ ಹೋದೀತು ಎಂದು ಮನಸ್ಸಿನಲ್ಲಿ ಚಿಂತಿಸುವುದನ್ನು ಅದರಲ್ಲಿ ಸೇರಿಸಿದ್ದಾರೆ. ಪೋಕರಿನ ಕೌಶಲವೆಂದರೆ ಏನು? ಅಮೇರಿಕದ ಡೇವಿಡ್ ಸ್ಕ್ಲಾನ್ಸ್ಕಿ ಎಂಬ ಆಟಗಾರ 1980ರ ದಶಕದಲ್ಲಿ ಬರೆದ, ಇಂದಿಗೂ ಆ ಆಟದ ಮೂಲಗ್ರಂಥವೆನಿಸಿದ ಪುಸ್ತಕದ ಮುಖ್ಯ ಪ್ರಮೇಯದ ಸಾರ ಇಷ್ಟು: ನಿನ್ನ ಎಲೆ ಕಂಡಿದ್ದರೆ ಎದುರಾಳಿ ಮಾಡದಿದ್ದ ನಡೆಯನ್ನು, ಅದು ಕಾಣದ್ದರಿಂದ ಅವನು ಮಾಡಿದಾಗಲೆಲ್ಲ ನಿನಗೆ ಲಾಭ. ಇದು ಆಟದ ಬಗೆಗಿನ ಆರೋಪವಲ್ಲ, ಆಟವನ್ನು ಮೆಚ್ಚಿದವನೇ ಕೊಟ್ಟ ವ್ಯಾಖ್ಯೆ. ಪರನ ಅಜ್ಞಾನವೇ ತನ್ನ ಆಯ ಎಂದು ಅದು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಪೂಜ್ಯಪಾದರ ಅಪಧ್ಯಾನವನ್ನೂ ಈ ಪ್ರಮೇಯವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು.

ಕೌಶಲವು ದೋಷವನ್ನು ಕಡಿಮೆ ಮಾಡುತ್ತದೆಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ತಲೆಕೆಳಗಾಗುತ್ತದೆ. ಲಾಟರಿಯಲ್ಲಿ ಗೆದ್ದವನು ಯಾರನ್ನೂ ಗುರಿ ಹಿಡಿದು ಗೆದ್ದಿಲ್ಲ. ಸೋತವರ ಮುಖ ಅವನಿಗೆ ತಿಳಿಯದು. ಪೋಕರಿನ ನಿಪುಣನು ಮೇಜನ್ನು ಆರಿಸುವಾಗಲೇ ದುರ್ಬಲ ಎಕ್ಕಾವನ್ನು ಬಿಡಲಾರದವನು ಯಾರೆಂದು ಹುಡುಕುತ್ತಾನೆ. ತನಗಿಂತ ನಿಪುಣರ ಜೊತೆ ಆಡಿದರೆ ಅವನಿಗೆ ಉಳಿಯುವುದು ಏನೂ ಇಲ್ಲ, ಏಕೆಂದರೆ ಈ ಆಟದಲ್ಲಿ ಹೊಸ ಸಂಪತ್ತು ಹುಟ್ಟುವುದಿಲ್ಲ. ಒಬ್ಬನ ಜೇಬಿನಿಂದ ಹೋದದ್ದು ಇನ್ನೊಬ್ಬನ ಜೇಬಿಗೆ; ಅದರಲ್ಲೂ ಆಟ ನಡೆಸುವವನ ಕಡಿತ ಪ್ರತಿ ಸುತ್ತಿನಲ್ಲೂ ಕಳೆದುಹೋಗುತ್ತದೆ. ‘ಈಗಾಗಲೇ ಹಾಕಿದ್ದೇನೆ’ ಎಂದು ಇನ್ನಷ್ಟು ಹಾಕುವ ಆ ಮನುಷ್ಯನ ದೌರ್ಬಲ್ಯವೇ ನಿಪುಣನ ಅಂಗಡಿಯ ಬಂಡವಾಳ. ಆ ದೌರ್ಬಲ್ಯ ಗುಣವಾದರೆ ಅಂಗಡಿ ಮುಚ್ಚುತ್ತದೆ. ಅವನು ನಿಶ್ಚಲನಾಗಿ, ಕಾಲು ಗಂಟೆ ಎಲೆ ಬಿಡುತ್ತ ಕೂರುವ ಸಂಯಮವನ್ನು ಕನ್ನಡದ ಜನ ಕೆರೆಯ ದಂಡೆಯಲ್ಲಿ ಬಹಳ ಹಿಂದೆಯೇ ಕಂಡು ಅದಕ್ಕೊಂದು ಹೆಸರಿಟ್ಟಿದ್ದಾರೆ: ಬಕಧ್ಯಾನ.

ವ್ಯಾಪಾರವೂ ಹೀಗೆಯೇ ಅಲ್ಲವೇ ಎಂಬ ಆಕ್ಷೇಪ ಸಹಜವಾದುದು. ಪೇಟೆಯಲ್ಲಿ ಹೆಚ್ಚು ತಿಳಿದವನು ಕಡಿಮೆ ತಿಳಿದವನಿಂದ ಲಾಭ ಪಡೆಯುವುದುಂಟು. ಅದನ್ನು ಅಲ್ಲಗಳೆದರೆ ಆತ್ಮವಂಚನೆಯಾದೀತು. ಆದರೆ 160ಕ್ಕೆ ಒಣದ್ರಾಕ್ಷಿ ಮಾರಿದವನು ಹಣ ಒಯ್ದ, ಕೊಂಡವನು ಮಾಲು ಒಯ್ದ, ಕೊನೆಗೆ ಯಾರದೋ ಮನೆಯ ಪಾಯಸದಲ್ಲಿ ಅದು ಬಿದ್ದಿತು. ಕೊಂಡವನಿಗೆ ನಷ್ಟವಾದರೂ ಮಾಲು ಸುಳ್ಳಲ್ಲ. ಇಬ್ಬರೂ ತಿಳಿದು ಒಪ್ಪಿ, ಇಬ್ಬರಿಗೂ ಬೇಕಾದದ್ದು ಸಿಕ್ಕ ವ್ಯವಹಾರ ಸಾಧ್ಯವಿದೆ. ಅದೇ ಅಲ್ಲಿನ ಸಾಮಾನ್ಯ ನಡೆ, ಮೋಸ ಅಪವಾದ. ಪೋಕರಿನಲ್ಲಿ ಇಬ್ಬರಿಗೂ ಲಾಭವಾಗುವ ಕೈ ಒಂದೂ ಇಲ್ಲ. ಮಾಲನ್ನು ಕಣ್ಣಿನಿಂದಲೂ ಕಾಣದೆ, ತರಿಸಿಕೊಳ್ಳುವ ಇರಾದೆಯೂ ಇಲ್ಲದೆ ಬರಿಯ ದರದ ಏರಿಳಿತದ ಮೇಲೆ ನಡೆಸುವ ಸಟ್ಟಾ ಈ ಎರಡರಲ್ಲಿ ಯಾವುದಕ್ಕೆ ಹತ್ತಿರ ಎಂಬುದನ್ನು ವಾಚಕರೇ ನಿರ್ಣಯಿಸಬಹುದು. ಹೆಸರು ಮಾರುಕಟ್ಟೆಯದಾದ ಮಾತ್ರಕ್ಕೆ ಅದು ವಾಣಿಜ್ಯವಾಗದು.

ಇನ್ನು ಮಾನದ ವಿಷಯ. ಆಟಗಾರರ ಭಾಷೆಯಲ್ಲಿ ಬ್ಲೈಂಡಿನಿಂದ ಹಣ ಸಮ ಹಾಕಿ ಉಳಿಯುವುದನ್ನು ‘ಬ್ಲೈಂಡ್ ರಕ್ಷಣೆ’ ಎನ್ನುತ್ತಾರೆ. ಇನ್ನೊಬ್ಬ ಏರಿಸಿ ಅದನ್ನು ಗೆದ್ದರೆ ‘ಬ್ಲೈಂಡ್ ಕದ್ದ’ ಎನ್ನುತ್ತಾರೆ. ಪದಗಳನ್ನು ಗಮನಿಸಬೇಕು. ನಿಯಮದ ಪ್ರಕಾರ ಇಟ್ಟು ಕೈಬಿಟ್ಟ ಹಣ. ಅದನ್ನು ಕದಿಯುವುದೆಂದರೇನು, ರಕ್ಷಿಸುವುದೆಂದರೇನು? ಆದರೂ ಆ ಪದಗಳು ಕಿವಿಗೆ ಬಿದ್ದೊಡನೆ ಆಟಗಾರನ ಬೆನ್ನು ನೆಟ್ಟಗಾಗುತ್ತದೆ, ಎಕ್ಕಾ-ನಾಲ್ಕು ಅವನಿಗೆ ಕೋಟೆಯಂತೆ ಕಾಣತೊಡಗುತ್ತದೆ. ರೌದ್ರಧ್ಯಾನದ ನಾಲ್ಕು ಕಾರಣಗಳನ್ನು ತತ್ತ್ವಾರ್ಥಸೂತ್ರ ಎಣಿಸುತ್ತದೆ: ಹಿಂಸೆ, ಸುಳ್ಳು, ಕಳವು ಮತ್ತು ವಿಷಯಸಂರಕ್ಷಣೆ. ಮೊದಲ ಮೂರರ ಪಕ್ಕದಲ್ಲಿ ‘ತನ್ನದನ್ನು ಕಾಪಾಡಿಕೊಳ್ಳುವುದು’ ಏಕೆ ಬಂದಿತೆಂದು ಅಧ್ಯಯನ ಮಾಡುವವರು ಅನೇಕ ಬಾರಿ ಅಚ್ಚರಿಪಡುತ್ತಾರೆ. ಅವಿರತನಲ್ಲೂ ದೇಶವಿರತನಲ್ಲೂ, ಅಂದರೆ ಗೃಹಸ್ಥನಲ್ಲಿ, ಇದು ಉಂಟಾಗುತ್ತದೆ ಎಂದು ಸೂತ್ರಕಾರರು ಸೇರಿಸಿದ್ದಾರೆ. ಕಾಪಾಡಿಕೊಳ್ಳುವ ಭಾವ ಸಾತ್ತ್ವಿಕವೆಂದು ತೋರುವುದರಿಂದಲೇ ಅದರ ಒಳಗಿನ ರೌದ್ರ ಕಣ್ಣಿಗೆ ಬೀಳದೆ ಉಳಿಯುತ್ತದೆ.

ವ್ಯಸನಗಳ ಫಲಕ್ಕೆ ಶಾಸ್ತ್ರಗಳು ಕೊಡುವ ನಿದರ್ಶನಗಳಲ್ಲಿ ವೇಶ್ಯಾವ್ಯಸನಕ್ಕೆ ಚಾರುದತ್ತ, ಪರಸ್ತ್ರೀ ವ್ಯಸನಕ್ಕೆ ರಾವಣ, ಜೂಜಿಗೆ ಧರ್ಮರಾಯ. ಇಲ್ಲಿ ಶಕುನಿಯನ್ನು ಹೆಸರಿಸಿಲ್ಲ. ಗೆದ್ದ ಕಪಟಿಯನ್ನು ಬಿಟ್ಟು ಸೋತ ಸಜ್ಜನನನ್ನು ಉದಾಹರಣೆಯಾಗಿ ಆರಿಸಿದ್ದರ ಔಚಿತ್ಯ ದೊಡ್ಡದು. ಧರ್ಮರಾಯನ ಕೈಯಲ್ಲಿ ಎಕ್ಕಾ ಇತ್ತು: ಕುಲ, ರಾಜ್ಯ, ಸತ್ಯವಂತನೆಂಬ ಕೀರ್ತಿ. ಜೊತೆಗಿದ್ದ ಎಲೆ ಚಿಕ್ಕದು. ಅವನಿಗೆ ಆಟ ಬಾರದು. ಕರೆದಾಗ ಒಲ್ಲೆನೆಂದರೆ ಮಾನ ಹೋದೀತೆಂದು ಕುಳಿತ, ಒಂದೊಂದು ಪಣ ಹೋದ ಹಾಗೆ ಹೋದುದನ್ನು ತರಲು ಇನ್ನೊಂದನ್ನಿಟ್ಟ. ಎಲ್ಲವೂ ಮರಳಿ ಸಿಕ್ಕ ಮೇಲೆ ಎರಡನೆಯ ಕರೆ ಬಂದಾಗಲೂ ಹೋಗಿ ಕುಳಿತ. ಮೊದಲನೆಯ ಸಭೆಗಿಂತ ಈ ಎರಡನೆಯ ಕುಳಿತದ್ದೇ ಹೆಚ್ಚು ವಿಚಾರಾರ್ಹ. ಆಗ ಅವನ ಹಣ ಮೇಜಿನ ಮೇಲೆ ಇರಲಿಲ್ಲ, ಮನಸ್ಸು ಮಾತ್ರ ಅಲ್ಲೇ ಇತ್ತು.

ಕುಟುಂಬಗಳ ಮಟ್ಟಿಗೆ ಒಂದು ವ್ಯಾವಹಾರಿಕ ಪ್ರಶ್ನೆ ಉಳಿಯುತ್ತದೆ. ಪಣವಿಲ್ಲದೆ, ಹುಣಸೆಬೀಜ ಇಟ್ಟುಕೊಂಡು ಮನೆಯ ಮಕ್ಕಳು ಪಂಚಮಿಗೆ ಆಡಿದರೆ ಏನು ದೋಷ? ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಇದನ್ನೂ ಬಿಟ್ಟಿಲ್ಲ. ಜೂಜನ್ನು ತ್ಯಜಿಸಿದವನಿಗೆ ಮನೋವಿನೋದಕ್ಕಾಗಿ ಮಾಡುವ ಹೋಡು ಕೂಡ ದೋಷವೇ, ಏಕೆಂದರೆ ಅದು ಹರ್ಷವನ್ನೂ ಕೋಪವನ್ನೂ ಎಬ್ಬಿಸುತ್ತದೆ ಎಂಬುದು ಅವರ ಅಭಿಪ್ರಾಯ. ಇದು ವ್ರತ ಹಿಡಿದವನಿಗೆ ಹೇಳಿದ ಅತಿಚಾರ. ಎಲ್ಲ ಮಕ್ಕಳ ಮೇಲೆ ಹೇರಬೇಕಾದ ಕಟ್ಟಳೆಯೆಂದು ಓದುವುದು ಅತಿಯಾದೀತು. ಆದರೂ ಹುಣಸೆಬೀಜದ ಆಟದಲ್ಲೂ ‘ನನ್ನವು ಮೂರು ಅಲ್ಲಿವೆ’ ಎಂದು ಹಟ ಹಿಡಿಯುವ ಮಗುವನ್ನು ಹಿರಿಯರು ನೋಡಿರುತ್ತಾರೆ. ಆ ಹಟವನ್ನು ಗುರುತಿಸಿ, ಅಲ್ಲಿಟ್ಟವು ಈಗ ಯಾರವೂ ಅಲ್ಲವೆಂದು ತಿಳಿಹೇಳಲು ಅದಕ್ಕಿಂತ ಅಗ್ಗದ ಸಂದರ್ಭ ಸಿಗುವುದಿಲ್ಲ. ಹತ್ತು ವರ್ಷದ ಮೇಲೆ ಅದೇ ಹಟಕ್ಕೆ ತೆರಬೇಕಾದ ಬೆಲೆ ಬೇರೆ. ಸೋತ ಹಣವನ್ನು ಮುಚ್ಚಿಡಲು ಸಾಲ, ಸಾಲವನ್ನು ಮುಚ್ಚಿಡಲು ಅಂಗಡಿಯ ಗಲ್ಲೆಗೆ ಕೈ. ಈ ಕ್ರಮವನ್ನು ಕಂಡ ಮನೆಗಳಿಗೆ ವಿವರಿಸಬೇಕಿಲ್ಲ. ಅಂಥ ಮನೆಗಳಲ್ಲಿ ತಂದೆ ಮಾಡುವ ಸಾಮಾನ್ಯ ತಪ್ಪೆಂದರೆ, ಇಷ್ಟು ಕಟ್ಟಿದ್ದೇನೆ, ಇನ್ನೊಂದು ಸಲ ಕಟ್ಟಿದರೆ ಸರಿಹೋದಾನು ಎಂದು ಗುಟ್ಟಾಗಿ ಸಾಲ ತೀರಿಸುತ್ತ ಹೋಗುವುದು. ಮಗ ಎಲೆ ಬಿಡುತ್ತಿಲ್ಲ, ತಂದೆಯೂ ಎಲೆ ಬಿಡುತ್ತಿಲ್ಲ. ಮಗನನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಹಿಂದೆ ಕಟ್ಟಿದ್ದನ್ನು ಮುಂದೆ ಕಟ್ಟಲು ಕಾರಣವಾಗಿ ಹಿಡಿಯಬಾರದು. ವೈದ್ಯರ ಸಲಹೆಗೆ, ಮನೆಯವರೆಲ್ಲರ ಎದುರು ಬಿಚ್ಚಿಟ್ಟ ಲೆಕ್ಕಕ್ಕೆ ಅದೇ ಹಣ ಸಂದರೆ ಅದು ಹೊಸ ನಿರ್ಣಯ.

ದೇವಸ್ಥಾನದ ವಿಶ್ವಸ್ಥರಿಗೆ ಬೇರೊಂದು ತೊಡಕು ಎದುರಾಗಬಹುದು. ಆಟದಲ್ಲಿ ಗಳಿಸಿದ ಹಣದಿಂದ ಅಭಿಷೇಕಕ್ಕೋ ಜೀರ್ಣೋದ್ಧಾರಕ್ಕೋ ಕೊಡಲು ಬಂದವನು, ತನ್ನದು ಕೌಶಲದ ಗಳಿಕೆ, ತೆರಿಗೆ ಕಟ್ಟಿದ್ದೇನೆ, ಹೈಕೋರ್ಟಿನ ತೀರ್ಪಿದೆ ಎಂದರೆ ಉತ್ತರವೇನು? ಶ್ರಾವಕನ ಗುಣಗಳನ್ನು ಎಣಿಸುವಾಗ ಆಶಾಧರರು ಎಲ್ಲಕ್ಕೂ ಮೊದಲು ಇಟ್ಟದ್ದು ನ್ಯಾಯದಿಂದ ಪಡೆದ ಧನವನ್ನು. ಶ್ವೇತಾಂಬರ ಪರಂಪರೆಯಲ್ಲಿ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ ಗೃಹಸ್ಥನ ಮೂವತ್ತೈದು ಗುಣಗಳ ಪಟ್ಟಿಯನ್ನು ಅಲ್ಲಿಂದಲೇ ಆರಂಭಿಸುತ್ತದೆ. ಆ ‘ನ್ಯಾಯ’ ಕಚೇರಿಯ ತೀರ್ಪಿಗೆ ಪರ್ಯಾಯಪದವಲ್ಲ. ಕಾನೂನು ನೋಡುವುದು ಶಿಕ್ಷಿಸಬಹುದೇ ಎಂಬುದನ್ನು. ಶ್ರಾವಕಾಚಾರ ನೋಡುವುದು ಆ ಹಣ ಯಾರ ಕಣ್ಣೀರಿನ ದಾರಿಯಿಂದ ಬಂದಿದೆ ಎಂಬುದನ್ನು. ಕೆಲವು ವಿಶ್ವಸ್ಥರಿಗೆ ಇನ್ನೊಂದು ಸಂಕೋಚವಿರುತ್ತದೆ: ಕಟ್ಟಡ ಅರ್ಧಕ್ಕೆ ನಿಂತಿದೆ, ಇಷ್ಟು ಖರ್ಚಾಗಿದೆ, ಬಂದ ಹಣವನ್ನು ಬೇಡವೆಂದರೆ ಹಾಕಿದ್ದೆಲ್ಲ ವ್ಯರ್ಥವಾದೀತು ಎಂದು. ವಾಚಕರು ಈ ವಾಕ್ಯವನ್ನು ಮೇಲೆ ಎಲ್ಲಿ ಓದಿದ್ದಾರೆಂಬುದನ್ನು ನೆನಪಿಸಿಕೊಳ್ಳಬಹುದು. ಅರ್ಧಕ್ಕೆ ನಿಂತ ಗೋಡೆ ಇನ್ನೊಂದು ಮಳೆಗಾಲ ಹಾಗೆಯೇ ನಿಲ್ಲಬಲ್ಲುದು. ದಾನಿಯನ್ನು ಅವಮಾನಿಸದೆ ಒಳಗೆ ಕೂರಿಸಿ, ಆ ಹಣ ಯಾರಿಂದ ಬಂದಿತೆಂದು ಅವನಿಗೆ ಗೊತ್ತಿದೆಯೇ, ಗೊತ್ತಿದ್ದರೆ ಅವರಲ್ಲಿ ಒಬ್ಬಿಬ್ಬರಿಗಾದರೂ ಮರಳಿಸಲು ಸಾಧ್ಯವೇ ಎಂದು ಕೇಳುವುದು ರಸೀದಿ ಬರೆಯುವುದಕ್ಕಿಂತ ಮೊದಲಿನ ಕೆಲಸ. ಉಳಿದ ಮೊತ್ತದ ಮಾತನ್ನು ಮುಂದಿನ ಸಭೆಯಲ್ಲಿ ಎಲ್ಲ ವಿಶ್ವಸ್ಥರೂ ಸೇರಿ ನಿರ್ಣಯಿಸಲಿ.